ಮಾಯಿ ತಿಂಗಳಲ್ಲಿ ಇಳಿಸಿದ ಚೆನ್ನೆಮಣೆ

ಮಗುವಿನ ಕೆನ್ನೆಯ ಗಾಯಕ್ಕೆ ಯಾರೋ ಸುಣ್ಣ ಮತ್ತು ಮೆಣಸು ಅರೆದು ಹಚ್ಚಿದ್ದರು. ಅದನ್ನು ಕಾರ್ಬಾಲಿಕ್ ಸೋಪಿನಿಂದ ತೊಳೆದು ತೆಗೆಯುವಷ್ಟರಲ್ಲಿ, ನಾನು ಶತ್ರು ಎಂಬುದು ಆ ಆರು ವರ್ಷದ ಹುಡುಗಿಗೆ ಖಾತ್ರಿಯಾಗಿಹೋಗಿತ್ತು. ಮಟ್ಟುವಿನಲ್ಲಿ ಅವರದು ಗುಳ್ಳ ಬದನೆ ಬೆಳೆಯುವ ಮನೆ. ಅಪ್ಪನ ಜೊತೆ ಗುಳ್ಳ ಕೊಯ್ಯಲು ಗದ್ದೆಗೆ ಹೋಗಿದ್ದಾಗ ಹುಚ್ಚುನಾಯಿ ಎರಗಿತ್ತು. ಕೆನ್ನೆಯಲ್ಲಿ ಎರಡು ಹಲ್ಲಿನ ಗುರುತು, ಭುಜದಲ್ಲಿ ಮೂರು. ಊರಿನವರು ನಾಯಿಯನ್ನು ಅಂದೇ ಹೊಡೆದು ಹಾಕಿದ್ದರು. ಮಂತ್ರ, ಮದ್ದು ಎಂದು ಎರಡು ದಿನ ಕಳೆದು, ಮೂರನೆಯ ದಿನ ಅಪ್ಪ ಮಗುವನ್ನು ಎತ್ತಿಕೊಂಡು ದೋಣಿಯಲ್ಲಿ ಹೊಳೆ ದಾಟಿ, ಕಟಪಾಡಿಯಲ್ಲಿ ಬಸ್ಸು ಹಿಡಿದು ನಮ್ಮಲ್ಲಿಗೆ ಬಂದಿದ್ದರು. ತಾಯಿ ಹಸಿ ಬಾಣಂತಿ. ಅಜ್ಜಿ ಅವಳ ಜೊತೆ ಮನೆಯಲ್ಲೇ ಉಳಿದಿದ್ದರು.

ನಮ್ಮದು ಕಾಪುವಿನಿಂದ ಉಡುಪಿಗೆ ಹೋಗುವ ರಸ್ತೆಯ ಬದಿಯಲ್ಲಿದ್ದ ಹತ್ತು ಹಾಸಿಗೆಯ ಆಸ್ಪತ್ರೆ. ಅರವತ್ತರ ದಶಕದ ಆರಂಭದ ಮಾತು ಇದು. ಒಬ್ಬ ಡಾಕ್ಟರು, ಒಬ್ಬ ಕಂಪೌಂಡರು, ನರ್ಸ್ ಎಂದು ನಾನು. ನಾನು ಶಿರ್ವದ ಕೊಂಕಣಿ ಕ್ರಿಶ್ಚಿಯನ್ ಮನೆಯವಳು. ರೋಗಿಗಳೊಡನೆ ತುಳುವಿನಲ್ಲೇ ಮಾತಾಡುತ್ತಿದ್ದೆ, ಅವರು ನನ್ನನ್ನು ಬಾಯಮ್ಮ ಎಂದು ಕರೆಯುತ್ತಿದ್ದರು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಆ ಕಾಲದಲ್ಲಿ ಹುಚ್ಚುನಾಯಿಯ ಕಡಿತಕ್ಕೆ ಹೊಟ್ಟೆಯ ಸುತ್ತ ಹದಿನಾಲ್ಕು ಇಂಜೆಕ್ಷನ್, ದಿನಕ್ಕೊಂದರಂತೆ ಹದಿನಾಲ್ಕು ದಿನ. ಮದ್ದು ನೀಲಗಿರಿಯ ಕಡೆಯಿಂದ ರೈಲಿನಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಬಸ್ಸಿನಲ್ಲಿ ಹತ್ತಿಯ ನಡುವೆ ಕುಳಿತು ನಮ್ಮ ಸೀಮೆಎಣ್ಣೆಯ ಫ್ರಿಜ್ಜಿಗೆ ಸೇರುತ್ತಿತ್ತು. ಗಂಜಿತಿಳಿಯಂಥ ಬಣ್ಣ. ಆಂಪೂಲನ್ನು ಕುಲುಕಿ, ಗಾಜಿನ ಸಿರಿಂಜಿಗೆ ಎಳೆದು, ಹೊಟ್ಟೆಯ ಚರ್ಮವನ್ನು ಚಿವುಟಿ ಹಿಡಿದು, ಅದರಡಿಗೆ ಉದ್ದದ ಸೂಜಿಯನ್ನು ಓರೆಯಾಗಿ ಹಾಕಬೇಕು. ನಿಧಾನವಾಗಿ ತಳ್ಳಿದರೆ ನೋವಿನ ಹೊತ್ತು ಹೆಚ್ಚು, ಬೇಗ ತಳ್ಳಿದರೆ ಗಂಟು ಕಟ್ಟುತ್ತದೆ. ಸೂಜಿಗಳನ್ನು ಕುದಿಸಿ, ಮೊಂಡಾದರೆ ಕಲ್ಲಿಗೆ ಮಸೆದು, ಮತ್ತೆ ಬಳಸುವ ದಿನಗಳವು. ಇವತ್ತು ಹೊಟ್ಟೆಯ ಬಲಗಡೆ, ನಾಳೆ ಎಡಗಡೆ. ಚುಚ್ಚಿದ ಜಾಗಕ್ಕೆ ಮತ್ತೆ ಚುಚ್ಚುವ ಹಾಗಿಲ್ಲ. ಆ ಮದ್ದಿನಿಂದಲೇ ಅಪರೂಪಕ್ಕೆ ಕೆಲವರ ಕಾಲು ಸೋಲುವುದಿತ್ತು. ಹಾಗಾಗಿ ಪ್ರತಿದಿನ ಸೂಜಿಗೆ ಮೊದಲು ಮಗುವನ್ನು ಹತ್ತು ಹೆಜ್ಜೆ ನಡೆಸಿ ನೋಡಬೇಕೆಂದು ಡಾಕ್ಟರು ನನಗೆ ಹೇಳಿದ್ದರು.

ಈ ಕೆಲಸಕ್ಕೆ ನಾನೇನೂ ಧೈರ್ಯವಂತೆಯಾಗಿರಲಿಲ್ಲ. ಹಿಂದಿನ ವರ್ಷ ಬೆಳ್ಮಣ್ ಕಡೆಯ ಒಬ್ಬ ಯುವಕನನ್ನು ಎತ್ತಿನಗಾಡಿಯಲ್ಲಿ ಹಾಕಿಕೊಂಡು ಬಂದಿದ್ದರು. ನಾಯಿ ಕಚ್ಚಿ ಮೂರು ತಿಂಗಳು ದಾಟಿತ್ತು. ಐದು ಇಂಜೆಕ್ಷನ್ ತೆಗೆದುಕೊಂಡು, ನೋವು ತಾಳದೆ ನಿಲ್ಲಿಸಿದ್ದನಂತೆ. ಬಾಯಾರಿಕೆ ಎಂದ. ನಾನು ಲೋಟದಲ್ಲಿ ನೀರು ತಂದೆ. ಲೋಟ ಕಂಡದ್ದೇ ಅವನ ಕುತ್ತಿಗೆಯ ನರಗಳೆಲ್ಲ ಬಿಗಿದು, ಗಂಟಲಿನಿಂದ ಯಾವುದೋ ಸದ್ದು ಬಂತು. ನೀರು ಬೇಕು ಎಂದು ಅವನೇ ಕೇಳುತ್ತಿದ್ದ, ಹತ್ತಿರ ತಂದರೆ ಅವನೇ ತಳ್ಳುತ್ತಿದ್ದ. ಎರಡು ದಿನ ಹಾಗೆಯೇ ಇದ್ದು ತೀರಿಕೊಂಡ. ಅಂದಿನಿಂದ ನಾಯಿ ಕಚ್ಚಿದವರು ಯಾರೇ ಬರಲಿ, ನಾನು ಮೊದಲು ನೋಡುತ್ತಿದ್ದದ್ದು ಅವರು ನೀರು ಕುಡಿಯುವುದನ್ನು.

ಮೊದಲ ದಿನ ಮಗುವಿಗೆ ನಾನು ಹೇಳಿದ್ದು ಎಲ್ಲ ನರ್ಸುಗಳೂ ಹೇಳುತ್ತಿದ್ದ ಮಾತೇ. ಇರುವೆ ಕಚ್ಚಿದ ಹಾಗೆ ಅಷ್ಟೆ ಮಗಾ, ಗೊತ್ತೇ ಆಗುವುದಿಲ್ಲ, ಇವತ್ತು ಒಂದು ದಿನ ಮಾತ್ರ. ಅವಳು ನಂಬಿ ಹೊಟ್ಟೆ ಕೊಟ್ಟಳು. ಸೂಜಿ ಒಳಗೆ ಹೋದಾಗ ಅವಳು ಕಿರುಚಲಿಲ್ಲ. ನನ್ನ ಮುಖವನ್ನೇ ನೋಡಿದಳು. ಎರಡನೆಯ ದಿನ ಮಂಚದ ಕೆಳಗೆ ಗೋಡೆಗೆ ಅಂಟಿ ಕುಳಿತಿದ್ದಳು. ಎಳೆದು ತೆಗೆದು, ಅಪ್ಪ ಕೈ ಹಿಡಿದು, ಕಂಪೌಂಡರು ಕಾಲು ಹಿಡಿದು, ಗುಡಿಸುವ ಹೆಂಗಸು ತಲೆ ಹಿಡಿದು, ನಾನು ಚುಚ್ಚಿದೆ. ಆ ದಿನವೂ ಇವತ್ತೊಂದೇ ದಿನ ಎಂದು ಅಪ್ಪನೂ ನಾನೂ ಸೇರಿ ಹೇಳಿದೆವು.

ಮೂರನೆಯ ದಿನ ಅವಳು ಮೂವರ ಹಿಡಿತದಲ್ಲೇ ಮೀನಿನಂತೆ ಹೊರಳಿದಳು. ಸೂಜಿ ಬುಡದಲ್ಲಿ ಬಾಗಿತು. ಅರ್ಧ ಮದ್ದು ಹೊಟ್ಟೆಯ ಮೇಲೆ ಚೆಲ್ಲಿತು, ಅರ್ಧ ಒಳಗೆ ಹೋಯಿತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಸೂಜಿ ತುಂಡಾಗಿ ಒಳಗೆ ಉಳಿದಿದ್ದರೆ ಹೊಟ್ಟೆ ಕೊಯ್ಯಬೇಕಾಗುತ್ತಿತ್ತು. ಡಾಕ್ಟರು ಬಂದು ನೋಡಿ, ಪೂರ್ತಿ ಪ್ರಮಾಣ ಇನ್ನೊಮ್ಮೆ ಕೊಡಲೇಬೇಕು ಎಂದರು. ಒಂದೇ ಬೆಳಿಗ್ಗೆ ಎರಡು ಸಲ ಚುಚ್ಚಿದೆ. ಎರಡನೆಯ ಸಲ ಅವಳು ಒದ್ದಾಡಲಿಲ್ಲ. ಮೈಯೆಲ್ಲ ಮರಗಟ್ಟಿ ಮಲಗಿದ್ದಳು, ಚಾಪೆ ಒದ್ದೆಯಾಗಿತ್ತು. ನಾನು ಸ್ಟೋರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಇನ್ನೂ ಹನ್ನೊಂದು ದಿನ ಉಂಟು.

ಅಂದು ಮಧ್ಯಾಹ್ನ ಅಪ್ಪ ಆಸ್ಪತ್ರೆಗೆ ಕೊಡುಗೆಯೆಂದು ಒಂದು ಬುಟ್ಟಿ ಗುಳ್ಳ ತಂದಿಟ್ಟರು. ಮಟ್ಟುವಿನ ಗುಳ್ಳ ನೋಡಿದವರಿಗೆ ಗೊತ್ತು, ತಿಳಿಹಸಿರು, ದುಂಡಗೆ, ಹೊಟ್ಟೆ ತುಂಬಿದ ಮಗುವಿನಂತೆ ಇರುತ್ತದೆ. ಮಗು ಅದರಲ್ಲೊಂದನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿತ್ತು. ನನಗೇನು ಅನ್ನಿಸಿತೋ, ಮೂಲೆಗೆ ಬಿದ್ದಿದ್ದ ಹಳೆಯ ಸಿರಿಂಜೊಂದನ್ನು ತೊಳೆದು, ತುದಿ ಮುರಿದ ಮೊಂಡು ಸೂಜಿ ಸಿಕ್ಕಿಸಿ, ಒಂದು ಬಟ್ಟಲು ನೀರಿನ ಜೊತೆ ಅವಳ ಹತ್ತಿರ ಇಟ್ಟು ದೂರ ಹೋದೆ. ಬಹಳ ಹೊತ್ತು ಅವಳು ಮುಟ್ಟಲಿಲ್ಲ. ಆಮೇಲೆ ನೀರು ಎಳೆದು, ಗುಳ್ಳವನ್ನು ಮೊಣಕಾಲಿನ ನಡುವೆ ಬಿಗಿಯಾಗಿ ಹಿಡಿದು ಚುಚ್ಚಿದಳು. ಚುಚ್ಚುತ್ತ ಅದರೊಡನೆ ಮಾತಾಡುತ್ತಿದ್ದಳು.

“ಇರುವೆ ಕಚ್ಚಿದ ಹಾಗೆ ಅಷ್ಟೆ ಮಗಾ. ಇವತ್ತು ಒಂದು ದಿನ ಮಾತ್ರ. ನಾಳೆ ಇಲ್ಲ.” ಹೇಳಿ ಮುಗಿಸಿ ಸೂಜಿ ತೆಗೆದಳು, ತಕ್ಷಣ ಮತ್ತೆ ಚುಚ್ಚಿದಳು. ಮತ್ತೆ ಅದೇ ಮಾತು, ನನ್ನದೇ ರಾಗದಲ್ಲಿ.

ನನಗೆ ಕೆನ್ನೆಗೆ ಹೊಡೆಸಿಕೊಂಡಂತಾಯಿತು. ಮಗು ಹೆದರಿದ್ದು ಸೂಜಿಗೆ ಎಂದುಕೊಂಡಿದ್ದೆ. ಸೂಜಿಗಿಂತ ಹೆಚ್ಚಾಗಿ ಅವಳು ಹೆದರಿದ್ದು ನಮಗೆ. ನಾವು ಮುಗಿಯಿತು ಎನ್ನುತ್ತಿದ್ದೆವು, ಅದು ಮುಗಿಯುತ್ತಿರಲಿಲ್ಲ. ಎಷ್ಟು ಬಾಕಿ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳ ಲೆಕ್ಕದಲ್ಲಿ ಇದು ಜೀವಮಾನವಿಡೀ ನಡೆಯುವ ಶಿಕ್ಷೆ.

ನಿಜ ಹೇಳುವುದೆಂದು ತೀರ್ಮಾನಿಸಿದೆ. ಆದರೆ ಎಣಿಕೆ ಇನ್ನೂ ಸರಿಯಾಗಿ ಬಾರದ ಮಗುವಿಗೆ ಹದಿನಾಲ್ಕು ಎಂದರೆ ಏನು ಅರ್ಥ? ಆಗ ನನ್ನ ಕೋಣೆಯ ಚೆನ್ನೆಮಣೆ ನೆನಪಾಯಿತು. ಶಿರ್ವದಲ್ಲಿ ನಮ್ಮ ನೆರೆಮನೆಯ ಬಂಟರ ಹುಡುಗಿ ನನ್ನ ಬಾಲ್ಯದ ಗೆಳತಿ. ನಾನು ನರ್ಸಿಂಗಿಗೆ ಹೊರಟಾಗ ನೆನಪಿಗೆಂದು ಕೊಟ್ಟಿದ್ದಳು. ಹಲಸಿನ ಮರದ ಮಣೆ, ಎರಡು ಸಾಲು, ಸಾಲಿಗೆ ಏಳು ಗುಳಿ, ಜೊತೆಗೆ ಆಡಲು ಒಂದು ಡಬ್ಬಿ ಮಂಜೊಟ್ಟಿಯ ಕೆಂಪು ಬೀಜ. ನಾನು ಅದರ ಗುಳಿಗಳಲ್ಲಿ ಬಟನ್, ಸೇಫ್ಟಿ ಪಿನ್, ಜಪಸರದಿಂದ ಕಳಚಿದ ಮಣಿಗಳನ್ನು ಹಾಕಿಟ್ಟುಕೊಂಡಿದ್ದೆ. ಏಳು ಮತ್ತು ಏಳು ಹದಿನಾಲ್ಕು. ಹೊಟ್ಟೆಯ ಬಲಗಡೆ ಏಳು, ಎಡಗಡೆ ಏಳು. ಇಷ್ಟು ಸರಿಯಾಗಿ ಹೊಂದುವ ವಸ್ತು ನನ್ನ ಮಂಚದ ಪಕ್ಕದಲ್ಲೇ ಇತ್ತಲ್ಲ ಎಂದು ಆಶ್ಚರ್ಯವಾಯಿತು.

ಆಟಿ ತಿಂಗಳ ಜಡಿಮಳೆಯಲ್ಲಿ ಬಿಟ್ಟರೆ ಬೇರೆ ಯಾವಾಗಲೂ ಚೆನ್ನೆ ಆಡುವುದಿಲ್ಲ, ಆಟಿ ಮುಗಿದರೆ ಮಣೆಯನ್ನು ಅಟ್ಟಕ್ಕೆ ಹತ್ತಿಸುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೆಳತಿಯ ಮನೆಯಲ್ಲಿ ನೋಡಿ ಬೆಳೆದವಳು ನಾನು. ಅದು ಅವರ ಮನೆಯ ಕಟ್ಟಳೆ, ಆಸ್ಪತ್ರೆಗೆ ಅನ್ವಯಿಸುವುದಲ್ಲ ಎಂದುಕೊಂಡೆ. ಎಂದುಕೊಂಡೆ ಎನ್ನುವುದೂ ಹೆಚ್ಚಾಯಿತು. ಆ ಬಗ್ಗೆ ಒಂದು ಗಳಿಗೆಯೂ ಯೋಚಿಸಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಮಣೆಯನ್ನು ಅವಳ ಮುಂದಿಟ್ಟು ಗುಳಿಗೊಂದರಂತೆ ಕೆಂಪು ಬೀಜ ಹಾಕಿದೆ. ಇರುವೆ ಕಚ್ಚಿದ ಹಾಗೆ ಎಂದದ್ದು ಸುಳ್ಳು, ನೋವಾಗುತ್ತದೆ ಎಂದೆ. ಇಷ್ಟು ಗುಳಿ ಖಾಲಿಯಾಗುವವರೆಗೆ ದಿನಕ್ಕೊಂದು, ಆಮೇಲೆ ಇಲ್ಲ ಎಂದೆ. ಆದದ್ದು ಮೂರು ಎಂದು ಮೂರು ಬೀಜ ತೆಗೆದು ಅವಳ ಕೈಯಲ್ಲಿಟ್ಟೆ. ಇನ್ನು ಮುಂದೆ ಯಾರೂ ಹಿಡಿಯುವುದಿಲ್ಲ; ಯಾವ ಗುಳಿ ಎಂದು ಅವಳೇ ಹೇಳಬೇಕು, ಹೊಟ್ಟೆಯಲ್ಲಿ ಅದೇ ಜಾಗಕ್ಕೆ ನಾನು ಚುಚ್ಚಬೇಕು, ಅವಳು ಬೀಜ ಎತ್ತುವವರೆಗೆ ನನ್ನ ಕೈ ಮುಂದೆ ಬರುವುದಿಲ್ಲ. ಬೇಡ ಎನ್ನುವ ಹಾಗೆ ಮಾತ್ರ ಇಲ್ಲ. ಅಪ್ಪ ಮಣೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಏನೋ ಹೇಳಲು ಹೊರಟು ಸುಮ್ಮನಾದರು.

ಅವಳು ಬೀಜ ಎತ್ತಲು ಒಂದೂವರೆ ತಾಸು ತೆಗೆದುಕೊಂಡಳು. ಮೊದಲು ಗುಳ್ಳಕ್ಕೆ ಚುಚ್ಚಿದಳು. ಆಮೇಲೆ ಬೆರಳನ್ನು ಒಂದೊಂದೇ ಗುಳಿಯ ಮೇಲಿಟ್ಟು ಹಿಂದಕ್ಕೆ ತೆಗೆದಳು. ಜಗಲಿಯ ಬಿಸಿಲು ಮೊದಲ ಕಂಬದಿಂದ ಮೂರನೆಯ ಕಂಬಕ್ಕೆ ಸರಿಯಿತು. ಹೊರಗೆ ಗಾಯ ಕಟ್ಟಿಸಿಕೊಳ್ಳುವವರು ಸಾಲಾಗಿ ಕುಳಿತಿದ್ದರು. ಕಂಪೌಂಡರು ಎರಡು ಸಲ ಇಣುಕಿ, ಇದು ಆಸ್ಪತ್ರೆಯೋ ಬಾಲವಾಡಿಯೋ ಎಂದು ಹಂಗಿಸಿ ಹೋದರು. ಡಾಕ್ಟರು ಮಾತ್ರ, ಮಧ್ಯಾಹ್ನದೊಳಗೆ ಮದ್ದು ಒಳಗೆ ಹೋಗಿರಬೇಕು, ಹೇಗೆ ಎಂಬುದು ನಿಮಗೆ ಬಿಟ್ಟದ್ದು ಎಂದರು. ಕೊನೆಗೆ ಮೇಲಿನ ಸಾಲಿನ ತುದಿಯ ಬೀಜ ಅವಳ ಮುಷ್ಟಿಗೆ ಬಂತು. ಅವಳು ಮೈಯೆಲ್ಲ ನಡುಗುತ್ತಿದ್ದಳು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೆ ಲಂಗವನ್ನು ತಾನೇ ಕೆಳಗೆ ಸರಿಸಿದಳು. ಸೂಜಿ ಹೋಗುವಾಗ ಅಪ್ಪನ ಕಡೆ ನೋಡಲಿಲ್ಲ, ಮಣೆಯನ್ನೇ ನೋಡಿದಳು.

ಐದು, ಆರು, ಏಳು ಹಾಗೆಯೇ ಕಳೆದವು. ಭಯ ಹೋಯಿತು ಎಂದು ನಾನು ಹೇಳಲಾರೆ. ಬೆಳಿಗ್ಗೆ ಸ್ಟವ್ ಹೊತ್ತಿಸಿ ಸಿರಿಂಜ್ ಕುದಿಯಲಿಟ್ಟ ಸದ್ದು ಕೇಳಿದರೆ ಅವಳ ತುಟಿ ಬಿಳಚಿಕೊಳ್ಳುತ್ತಿತ್ತು. ಹತ್ತು ಹೆಜ್ಜೆ ನಡೆಸುವಾಗ ಅವಳ ಕಾಲು ನಡುಗಿದರೆ, ಅದು ಹೆದರಿಕೆಯೋ ಮದ್ದಿನ ದೋಷವೋ ತಿಳಿಯದೆ ಇನ್ನೂ ಹತ್ತು ಹೆಜ್ಜೆ ನಡೆಸುತ್ತಿದ್ದೆ. ಆದರೆ ಮಂಚದಡಿ ಅಡಗುವುದು ನಿಂತಿತ್ತು. ಗುಳ್ಳಕ್ಕೆ ಹೇಳುವ ಮಾತೂ ಬದಲಾಗಿತ್ತು. “ನೋವಾಗುತ್ತದೆ, ಅಳು ಬಂದರೆ ಅಳು” ಎನ್ನುತ್ತಿದ್ದಳು. ಚುಚ್ಚಿಸಿಕೊಂಡ ಗುಳ್ಳಗಳಿಗೆ ಅಂಟುಪಟ್ಟಿಯ ಚೂರೂ ಬೀಳುತ್ತಿತ್ತು.

ಎಂಟನೆಯ ಇಂಜೆಕ್ಷನ್ ಆದ ಮೇಲೆ ಅಜ್ಜಿ ಬಂದರು. ಎತ್ತರದ ನಿಲುವು, ಬಿಳಿಕೂದಲು, ಕೈಯಲ್ಲಿ ಮೊಮ್ಮಗಳಿಗೆಂದು ತಂದ ಕೊಟ್ಟೆಕಡುಬಿನ ಗಂಟು. ಮಗು ಓಡಿಹೋಗಿ ಅವರ ಸೆರಗು ಹಿಡಿದು ಎಳೆದು ತಂದು ಮಣೆ ತೋರಿಸಿತು. ಎಂಟು ಗುಳಿ ಖಾಲಿ, ಆರು ಬಾಕಿ. ಅಜ್ಜಿಯ ಮುಖದ ರಕ್ತವೇ ಇಂಗಿಹೋಯಿತು.

“ಇದನ್ನು ಯಾರು ಇಳಿಸಿದ್ದು?”

ನಾನೇ ಎಂದೆ, ಸ್ವಲ್ಪ ಹೆಮ್ಮೆಯಿಂದಲೇ.

“ಇದು ಮಾಯಿ ತಿಂಗಳು ಬಾಯಮ್ಮ. ಆಟಿಗೆ ಇನ್ನು ಎಷ್ಟು ತಿಂಗಳು ಉಂಟು? ಹೊತ್ತಲ್ಲದ ಹೊತ್ತಿನಲ್ಲಿ ಮಣೆ ಇಳಿಸಿ, ದಿನಕ್ಕೊಂದು ಗುಳಿ ಖಾಲಿ ಮಾಡಿಸಿ, ನೀವು ಎಂತ ನನ್ನ ಮಗುವಿನ ದಿನ ಎಣಿಸುವುದಾ?”

ಆಗ ನಾನು ಮಾಡಿದ ತಪ್ಪನ್ನು ಇವತ್ತಿಗೂ ಮರೆತಿಲ್ಲ. ನಾನು ನಕ್ಕೆ. ಅಜ್ಜಿ, ಇದು ಬರೀ ಮರದ ತುಂಡು, ಮಗುವನ್ನು ಉಳಿಸುವುದು ಮದ್ದು ಎಂದೆ. ಅಜ್ಜಿ ಮಗುವನ್ನು ಮಣೆಯಿಂದ ದೂರ ಎಳೆದುಕೊಂಡು ಮಂಚದ ಮೇಲೆ ಕುಳಿತರು. ಮರುದಿನ ಬೆಳಿಗ್ಗೆ ಸಿರಿಂಜ್ ಕುದಿಸಿ ತಂದಾಗ ಮಂಚ ಖಾಲಿಯಾಗಿತ್ತು. ಅಜ್ಜಿ, ಅಪ್ಪ, ಮಗು ಮೂವರೂ ಮೊದಲ ಬಸ್ಸಿಗೇ ಹೊರಟುಹೋಗಿದ್ದರು. ಮಣೆ ಕಿಟಕಿಯಲ್ಲಿತ್ತು, ಆರು ಕೆಂಪು ಬೀಜ ಹಾಗೆಯೇ ಇತ್ತು.

ಬೆಳ್ಮಣ್ ಯುವಕ ನಿಲ್ಲಿಸಿದ್ದು ಐದಕ್ಕೆ. ಇವಳದು ಎಂಟಾಗಿದೆ, ಆದರೆ ಕಡಿತ ಮುಖದ್ದು. ಮಿದುಳಿಗೆ ದಾರಿ ಹತ್ತಿರ. ಓಡಿಹೋಗಿ ಡಾಕ್ಟರಿಗೆ ಹೇಳಿದೆ. ಕಷ್ಟದ ಹೆರಿಗೆಯೊಂದು ಬಂದಿದ್ದರಿಂದ ಅವರು ಹೊರಡುವಂತಿರಲಿಲ್ಲ. ಬೈಯುವರೆಂದು ಕಾದೆ, ಬೈಯಲಿಲ್ಲ. ಸಂಜೆಯೊಳಗೆ ಒಂಬತ್ತನೆಯದು ಬೀಳಬೇಕು, ಅಲ್ಲಿಯೇ ಕೊಟ್ಟು ಬನ್ನಿ, ಅವರು ಬೇಡವೆಂದರೆ ಜಗಳ ಮಾಡಿ ಬಾಗಿಲು ಮುಚ್ಚಿಸಿಕೊಳ್ಳಬೇಡಿ ಎಂದಷ್ಟೇ ಹೇಳಿದರು. ಥರ್ಮೋಸ್ ಫ್ಲಾಸ್ಕಿನಲ್ಲಿ ಮಂಜುಗಡ್ಡೆ ಹಾಕಿ ಆಂಪೂಲನ್ನು ಇಟ್ಟೆ. ಕುದಿಸಿದ ಸಿರಿಂಜನ್ನು ಸ್ಪಿರಿಟಿನ ಡಬ್ಬಿಯಲ್ಲಿ ಹಾಕಿಕೊಂಡೆ. ಬಾಗಿಲವರೆಗೆ ಹೋದವಳು ಹಿಂದೆ ಬಂದು ಚೆನ್ನೆಮಣೆಯನ್ನೂ ಹಳೆಯ ಸೀರೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡೆ. ಏಕೆಂದು ಆಗ ನನಗೇ ಸ್ಪಷ್ಟವಿರಲಿಲ್ಲ.

ಕಟಪಾಡಿಯಲ್ಲಿ ಇಳಿದು, ಸುಡುಬಿಸಿಲಿನಲ್ಲಿ ನಡೆದು, ದೋಣಿ ದಾಟಿದೆ. ದೋಣಿಯಲ್ಲಿ ಕುಳಿತಾಗ ಅತ್ತಿತ್ತ ನೀರು ತುಳುಕುವುದನ್ನು ನೋಡಲಾಗದೆ ಕಣ್ಣು ಮುಚ್ಚಿಕೊಂಡೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಿದ್ದೆ, ಎಲ್ಲವೂ ಬುದ್ಧಿ ಹೇಳುವ ಮಾತುಗಳೇ. ಮೂಢನಂಬಿಕೆ, ವಿಜ್ಞಾನ, ಪೊಲೀಸರಿಗೆ ಹೇಳುತ್ತೇನೆ ಎನ್ನುವವರೆಗೂ ಮನಸ್ಸು ಹೋಗಿತ್ತು.

ಗುಳ್ಳದ ಗದ್ದೆಯ ಅಂಚಿನಲ್ಲಿ ಹುಲ್ಲಿನ ಮಾಡಿನ ಮನೆ. ಅಂಗಳದಲ್ಲಿ ನನ್ನನ್ನು ಕಂಡ ಅಪ್ಪ ತಲೆ ತಗ್ಗಿಸಿದರು. ಮಣೆ ನೋಡಿದ ದಿನವೇ ನನಗೂ ಅಳುಕು ಬಂದಿತ್ತು ಬಾಯಮ್ಮ, ಮಗು ಅಳು ನಿಲ್ಲಿಸಿತಲ್ಲ, ಅದಕ್ಕೆ ಸುಮ್ಮನಿದ್ದೆ ಎಂದರು. ಅಜ್ಜಿ ಮುಖ ತಿರುಗಿಸಿಕೊಂಡೇ ಇದ್ದರು, ಆದರೂ ಬಿಸಿಲಿನಲ್ಲಿ ಬಂದವಳಿಗೆ ತಂಬಿಗೆ ನೀರು ಮತ್ತು ಬೆಲ್ಲ ತಂದಿಡುವುದನ್ನು ಮರೆಯಲಿಲ್ಲ. ಮಗು ಬಾಗಿಲ ಸಂದಿಯಿಂದ ನೋಡುತ್ತಿತ್ತು. ಬಾ ಮಗಾ, ನೀನೂ ನೀರು ಕುಡಿ ಎಂದು ತಂಬಿಗೆ ಚಾಚಿದೆ. ಮಗು ಹತ್ತಿರ ಬಂತು. ತಂಬಿಗೆಯೊಳಗೆ ನೋಡಿತು. ಮುಖವನ್ನು ಥಟ್ಟನೆ ಪಕ್ಕಕ್ಕೆ ತಿರುಗಿಸಿ, ಗಂಟಲು ಬಿಗಿ ಹಿಡಿದು ಹಿಂದಕ್ಕೆ ಸರಿಯಿತು.

ಇಷ್ಟು ಬೇಗ ಬರುವುದಿಲ್ಲ ಎಂದು ಓದಿದ ಪಾಠವೆಲ್ಲ ತಲೆಯಲ್ಲಿತ್ತು, ಕಣ್ಣ ಮುಂದೆ ಬೆಳ್ಮಣ್ ಯುವಕನ ಕುತ್ತಿಗೆ ಮಾತ್ರ ಇತ್ತು. ಕೈಯಲ್ಲಿದ್ದ ತಂಬಿಗೆಯ ನೀರು ಜಗಲಿಗೆಲ್ಲ ಚೆಲ್ಲುತ್ತಿತ್ತು.

“ಎಂತ ಬಾಯಮ್ಮ, ಕೈ ನಡುಗುತ್ತದಲ್ಲ?” ಅಜ್ಜಿ ಕೇಳಿದರು.

ಜೋಡಿಸಿಟ್ಟ ಬುದ್ಧಿಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಹೆದರಿಕೆಯಾಗುತ್ತದೆ ಅಜ್ಜಿ ಎಂದೆ. ಆ ಯುವಕನ ವಿಷಯ ಹೇಳಿದೆ. ಐದಕ್ಕೆ ನಿಲ್ಲಿಸಿದ್ದು, ನೀರು ಕೇಳಿದ್ದು, ಲೋಟ ಕಂಡು ಬಿಗಿದದ್ದು, ಒಂದನ್ನೂ ಬಿಡದೆ ಹೇಳಿದೆ. ಅಜ್ಜಿ ಕೇಳುತ್ತ ಕೇಳುತ್ತ ಜಗಲಿಯಲ್ಲಿ ಕುಳಿತರು. ಆಮೇಲೆ ಎದ್ದು ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು, ಮಗುವನ್ನು ಮಡಿಲಿಗೆಳೆದು, ತುಟಿಯ ಹತ್ತಿರ ಹಿಡಿದರು. ನಾವಿಬ್ಬರೂ ಅದರ ಗಂಟಲನ್ನೇ ನೋಡುತ್ತಿದ್ದೆವು. ಮಗು ಎರಡು ಗುಟುಕು ಕುಡಿಯಿತು. ನನ್ನ ಕೈಯ ನೀರಿನಲ್ಲಿ ಮದ್ದು ಬೆರೆಸಿರಬಹುದೆಂದು ಹೆದರಿತ್ತು, ಅಷ್ಟೆ.

ಅಜ್ಜಿ ತಮ್ಮ ಹೆದರಿಕೆಯನ್ನು ಆಗ ಹೇಳಿದರು. ಅವರ ಎರಡನೆಯ ಮಗಳು ಇದೇ ಪ್ರಾಯದವಳು. ಆಟಿ ಮುಗಿದು ಸೋಣ ತಿಂಗಳಾಗಿದ್ದರೂ ಹಟ ಮಾಡಿ ಮಣೆ ಇಳಿಸಿ ಆಡುತ್ತ ಕುಳಿತಿದ್ದಳಂತೆ. ಕೆಲಸದ ಗಡಿಬಿಡಿಯಲ್ಲಿ ಅಜ್ಜಿ ಗದರಿಸಲಿಲ್ಲ. ಆ ವಾರವೇ ಜ್ವರ ಬಂದು ಮಗು ಹೋಯಿತು. “ಆಟ ಅರ್ಧದಲ್ಲಿತ್ತು ಬಾಯಮ್ಮ. ಗುಳಿಯಲ್ಲಿ ಕಾಯಿ ಹಾಗೆಯೇ ಇತ್ತು” ಎಂದರು. ಇದಕ್ಕೆ ನಾನು ಯಾವ ವಿಜ್ಞಾನ ಹೇಳಲಿ? ನನ್ನ ಹೆದರಿಕೆಗೆ ನೀರಿನ ಲೋಟವಾದರೆ ಅವರದಕ್ಕೆ ಮಣೆ. ಸೀರೆ ಬಿಚ್ಚಿ ಚೆನ್ನೆಮಣೆಯನ್ನು ಅವರ ಮುಂದಿಟ್ಟೆ. ನನ್ನಿಂದ ತಪ್ಪಾಯಿತು, ಇದನ್ನು ಹೇಗೆ ಅಟ್ಟಕ್ಕೆ ಹತ್ತಿಸಬೇಕೋ ನೀವೇ ಹತ್ತಿಸಿ, ನನಗೆ ಮಗುವಿನ ಆರು ದಿನ ಮಾತ್ರ ಕೊಡಿ ಎಂದೆ.

ಅವರು ಮಣೆಯನ್ನು ಬಟ್ಟೆಯಿಂದ ಒರೆಸಿ, ದೀಪದ ಬುಡದಲ್ಲಿ ಸ್ವಲ್ಪ ಹೊತ್ತು ಇಟ್ಟು, ಏಣಿ ತರಿಸಿ ಮಗನ ಕೈಯಿಂದ ಅಟ್ಟಕ್ಕೆ ಹತ್ತಿಸಿದರು. ಅಷ್ಟು ಹೊತ್ತೂ ನಾನು ಫ್ಲಾಸ್ಕನ್ನು ಎದೆಗವಚಿಕೊಂಡು ನಿಂತಿದ್ದೆ, ಒಳಗೆ ಮಂಜುಗಡ್ಡೆ ಕರಗುತ್ತಿತ್ತು. ಏಣಿ ಇಳಿಸಿದ ಮೇಲೆ ಅಜ್ಜಿ, ಮಗುವನ್ನೇ ಕೇಳಿ ಎಂದರು.

ಮಗು ನನ್ನ ಕೈ ಹಿಡಿದು ಹಿಂದಿನ ಜಗಲಿಗೆ ಕರೆದುಕೊಂಡು ಹೋಯಿತು. ಅಲ್ಲಿ ನೆಲದ ಮೇಲೆ ಗುಳ್ಳಗಳನ್ನು ಎರಡು ಸಾಲಾಗಿ ಜೋಡಿಸಿತ್ತು, ಸಾಲಿಗೆ ಏಳು. ಎಂಟಕ್ಕೆ ಮುಳ್ಳಿನಿಂದ ಚುಚ್ಚಿದ ಗುರುತು. ಆಸ್ಪತ್ರೆಯಿಂದ ಎಳೆದು ತಂದ ಮಗು, ಯಾರೂ ಹೇಳದೆ, ತನ್ನ ಲೆಕ್ಕವನ್ನು ಹಾಗೆ ಕಾಪಾಡಿಕೊಂಡಿತ್ತು.

“ಆರು ಬಾಕಿ ಉಂಟು” ಎಂದಿತು. ಆಮೇಲೆ ಅಜ್ಜಿಯ ಕಡೆ ತಿರುಗಿ, “ಇದು ಮಣೆ ಅಲ್ಲ ಅಜ್ಜಿ, ಗುಳ್ಳ” ಎಂದಿತು.

ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತರು. ಒಂಬತ್ತನೆಯದನ್ನು ಅಲ್ಲಿಯೇ, ಅವರ ಮಡಿಲಲ್ಲಿ ಮಗುವನ್ನು ಮಲಗಿಸಿ ಕೊಟ್ಟೆ. ಮರುದಿನ ಬೆಳಿಗ್ಗೆ ಅವರೇ ಮಗುವನ್ನೂ ಐದು ಗುಳ್ಳದ ಬುಟ್ಟಿಯನ್ನೂ ಹೊತ್ತುಕೊಂಡು ಆಸ್ಪತ್ರೆಗೆ ಬಂದು, ಕೊನೆಯವರೆಗೆ ನಮ್ಮಲ್ಲೇ ಉಳಿದರು. ಹನ್ನೊಂದರಂದು ಅವಳು ಮತ್ತೆ ಒಂದು ತಾಸು ಹಟ ಹಿಡಿದಳು, ಹದಿಮೂರರಂದು ಜ್ವರ ಬಂದು ನಮ್ಮೆಲ್ಲರ ಜೀವ ಬಾಯಿಗೆ ಬಂದಿತ್ತು, ಸಂಜೆಗೆ ಇಳಿಯಿತು. ಹದಿನಾಲ್ಕನೆಯ ಗುಳ್ಳಕ್ಕೆ ಚುಚ್ಚಿದ ದಿನ ಕಂಪೌಂಡರು, ಆಸ್ಪತ್ರೆ ಸೇರಿದ ಗುಳ್ಳ ಹುಳಿಗೆ ಆಗುತ್ತದಾ ಎಂದು ಕೇಳಿ ಅಜ್ಜಿಯಿಂದ ಬೈಸಿಕೊಂಡರು. ಹೊರಡುವಾಗ ಅಜ್ಜಿ ನನ್ನನ್ನು ಬದಿಗೆ ಕರೆದು, ಇನ್ನು ಎಷ್ಟು ದಿನ ಹೆದರಬೇಕು ಎಂದು ಕೇಳಿದರು. ಸುಳ್ಳು ಹೇಳುವುದನ್ನು ಬಿಟ್ಟಿದ್ದೆನಲ್ಲ. ಆಟಿಯವರೆಗಾದರೂ ಎಂದೆ.

ಆ ತಿಂಗಳುಗಳು ನನಗೆ ಹೇಗೆ ಕಳೆದವೆಂದು ಹೇಳಲಾರೆ. ಮಟ್ಟುವಿನ ಕಡೆಯಿಂದ ಯಾರೇ ಬಂದರೂ ಕೇಳುತ್ತಿದ್ದೆ. ರಸ್ತೆಯಲ್ಲಿ ಎತ್ತಿನಗಾಡಿ ನಿಂತ ಸದ್ದಾದರೆ ಬಾಗಿಲಿಗೆ ಓಡುತ್ತಿದ್ದೆ. ಅದಕ್ಕಿಂತ ಹೆಚ್ಚಾಗಿ, ನೀರಿನ ಆ ಭಯವನ್ನು ಆ ಮುದುಕಿಗೂ ದಾಟಿಸಿ ಬಂದೆನಲ್ಲ ಎಂದು ಕೊರಗುತ್ತಿದ್ದೆ. ಬಾಣಂತಿ ಸೊಸೆ, ಹಸುಗೂಸು, ಗದ್ದೆ ಕೆಲಸ ಇವುಗಳ ನಡುವೆ ಅವರು ದಿನಕ್ಕೆ ಎಷ್ಟು ಸಲ ಆ ಮಗುವಿನ ಗಂಟಲು ನೋಡುತ್ತಿದ್ದರೋ.

ಆಟಿಯ ಒಂದು ಮಧ್ಯಾಹ್ನ, ಮೂರು ದಿನದಿಂದ ಬಿಡದ ಮಳೆ. ಮಳೆಗೆ ತಲೆಯಿಂದ ಬೆನ್ನಿಗೆ ಹೊದೆಯುವ ಓಲೆಯ ಗೊರಬೆಗಳೆರಡು ಜಗಲಿ ಹತ್ತಿ ಬಂದವು, ಒಂದು ದೊಡ್ಡದು, ಒಂದು ಚಿಕ್ಕದು. ಚಿಕ್ಕ ಗೊರಬೆ ಕೆಳಗಿಳಿದಾಗ ಕೆನ್ನೆಯ ಎರಡು ಬಿಳಿ ಕಲೆ ಕಂಡವು. ಅಜ್ಜಿ ಕಂಕುಳಿಂದ ನನ್ನ ಹಳೆಯ ಸೀರೆಯ ಗಂಟು ತೆಗೆದು ಬಿಚ್ಚಿ, ಚೆನ್ನೆಮಣೆಯನ್ನು ನೆಲಕ್ಕಿಟ್ಟರು. ಗುಳಿಗಳಿಗೆ ಎಣ್ಣೆ ಹಚ್ಚಿ ತಿಕ್ಕಿದ್ದರು.

“ಈಗ ಆಡಿ ಬಾಯಮ್ಮ” ಎಂದರು.

ನಾವು ಎದುರುಬದುರು ಕುಳಿತೆವು. ಗುಳಿಗೆ ನಾಲ್ಕರಂತೆ ಬೀಜ ಹಂಚಿದೆವು. ನನಗೆ ಆಟ ಅರ್ಧ ಮರೆತುಹೋಗಿತ್ತು, ಮಗು ಎರಡೇ ಸುತ್ತಿನಲ್ಲಿ ನನ್ನ ಸಾಲನ್ನು ಬರಿದು ಮಾಡುತ್ತ ಬಂತು. ನಡುವೆ, ಕೈ ತಡೆಯದೆ, ಕಣ್ಣು ಮಣೆಯಿಂದ ತೆಗೆಯದೆ, ಬಾಯಾರಿಕೆ ಎಂದಿತು. ನಾನು ಎದ್ದು ಒಳಗೆ ಹೋಗಿ ಲೋಟದಲ್ಲಿ ನೀರು ತಂದೆ. ತುಂಬ ತಂದೆ. ಅವಳು ಎರಡೂ ಕೈಯಲ್ಲಿ ಹಿಡಿದು ತಲೆಯೆತ್ತಿದಳು. ನಾನು ಅವಳ ಗಂಟಲನ್ನು ನೋಡುತ್ತಿದ್ದೆ. ಅಜ್ಜಿಯೂ ಅಲ್ಲಿಯೇ ನೋಡುತ್ತಿದ್ದಾರೆಂದು ತಿರುಗಿ ನೋಡದೆಯೇ ಗೊತ್ತಿತ್ತು. ಗುಟುಕು ಗುಟುಕಾಗಿ, ಒಂದು ಹನಿ ಬಿಡದೆ, ಅವಳು ಲೋಟ ಬರಿದು ಮಾಡಿದಳು. ಬಾಯಿಯನ್ನು ತೋಳಿಗೆ ಒರೆಸಿಕೊಂಡು ಲೋಟ ಕೆಳಗಿಟ್ಟಳು.

“ಬಾಯಮ್ಮ, ಎಂತ ಅಳುವುದು? ನಿಮ್ಮ ಸರದಿ” ಎಂದಳು.